ಬೆಂಕಿಗೆ ಮೊದಲು ಕತ್ತಿ

ಮೊದಲ ಎಂಟು ತಿಂಗಳು ನನ್ನ ಕತ್ತಿಗೆ ಬೆಂಕಿಯೇ ತಾಕಲಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಮಾಂಗೆರೆಯಲ್ಲಿ ಪ್ರತಿ ಶನಿವಾರ, ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳವರ ಬೆಂಕಿಕತ್ತಿ ಕುಣಿತ ಕಲಿಯಲು ಹೋಗುತ್ತಿದ್ದೆ. ಕೈಯಲ್ಲಿದ್ದದ್ದು ಮೊಂಡು ಅಲಗಿನ ಕತ್ತಿ, ಅದಕ್ಕೆ ಸುತ್ತಿದ ಒಣ ಟವೆಲ್, ಅಷ್ಟೆ. "ಇವತ್ತು ಹಚ್ಚೋಣವಾ?" ಎಂದು ಕೇಳಿದಾಗಲೆಲ್ಲ ಗುರುಗಳದ್ದು ಒಂದೇ ಉತ್ತರ: "ಕತ್ತಿ ನಮ್ಮ ಅಜ್ಜಂದಿರದ್ದು. ಬೆಂಕಿ ಮೊನ್ನೆ ಬಂದದ್ದು. ಮೊದಲು ಹಳೆಯದನ್ನು ಕಲಿ ಮಗಾ."

ಅವರು ಹೇಳಿದ್ದು ನಿಜ. ಸಮೋವಾದ ಯೋಧರು ಗದೆಯನ್ನು ಗರಗರ ತಿರುಗಿಸಿ, ಮೇಲೆ ಎಸೆದು ಹಿಡಿದು ಎದುರಾಳಿಗೆ ತಮ್ಮ ಕೈಚಳಕ ತೋರಿಸುತ್ತಿದ್ದರು. ಅದಕ್ಕೆ ಐಲಾವೊ ಎನ್ನುತ್ತಾರೆ. ಯುರೋಪಿನವರ ಹಡಗುಗಳ ಜೊತೆ ಲೋಹ ಬಂದ ಮೇಲೆ ಕೊಕ್ಕೆ ಇರುವ ಕತ್ತಿಯೂ ಆ ಕೈಗಳಿಗೆ ಸೇರಿತು. ಅದರ ಹೆಸರು ನಿಫೋ ಓಟಿ.

ಬೆಂಕಿ ಸೇರಿದ್ದು 1946ರಲ್ಲಿ, ಅದೂ ಸಮೋವಾದಲ್ಲಿ ಅಲ್ಲ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ! ಅಮೆರಿಕನ್ ಸಮೋವಾದ ಫ್ರೆಡ್ಡಿ ಲೆಟುಲಿ ಅಲ್ಲಿನ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಕತ್ತಿ ಕುಣಿತದ ಅಭ್ಯಾಸ ಮಾಡುತ್ತಿದ್ದರು. ಹತ್ತಿರದಲ್ಲೇ ಬೆಂಕಿ ನುಂಗುವ ಒಬ್ಬ ಹಿಂದೂ ಕಲಾವಿದ ಇದ್ದ. ಇನ್ನೊಂದು ಕಡೆ ಒಬ್ಬ ಪುಟ್ಟ ಹುಡುಗಿ ಎರಡೂ ತುದಿಗೆ ಬಲ್ಬು ಹೊತ್ತಿದ ಕೋಲು ತಿರುಗಿಸುತ್ತಿದ್ದಳು. ಲೆಟುಲಿ ಇಬ್ಬರನ್ನೂ ನೋಡಿದರು. ಕತ್ತಿಗೆ ಟವೆಲ್ ಸುತ್ತಿ, ಬೆಂಕಿ ನುಂಗುವವನ ಹತ್ತಿರವೇ ಎಣ್ಣೆ ಕೇಳಿ ಪಡೆದರು. ಈ ಕಥೆ ಕೇಳಿದ ದಿನ ನನಗೆ ಮೈ ಜುಮ್ಮೆಂದಿತು. ಚಿಕ್ಕಂದಿನಲ್ಲಿ ಮೈಸೂರು ದಸರೆಯ ಪಂಜಿನ ಕವಾಯತು ನೋಡಿ ಬೆಳೆದವನು ನಾನು.

ನನಗೆ ತುಂಬಾ ಕಾಡಿದ್ದು ಹಿಡಿತ. ಊರಲ್ಲಿ ತಾತ ದೊಣ್ಣೆವರಸೆ ಕಲಿಸಿದ್ದರು. ದೊಣ್ಣೆಯ ಭಾರ ಎರಡೂ ಕಡೆ ಸಮ. ಈ ಕತ್ತಿಗೆ ಅಲಗಿನ ಕಡೆ ಭಾರ ಜಾಸ್ತಿ. ನನ್ನ ಕೈ ಸುಮ್ನೆ ನಡುವನ್ನೇ ಹುಡುಕುತ್ತಿತ್ತು, ಕತ್ತಿ ಜಾರಿ ಬೀಳುತ್ತಿತ್ತು. ಹಳೆಯ ರೂಢಿ ಬಿಡಿಸಲಿಕ್ಕೇ ಎರಡು ತಿಂಗಳು ಹಿಡಿಯಿತು. ಬಿಗಿಯಾಗಿ ಹಿಡಿದರೆ ಮಣಿಕಟ್ಟು ನೋಯುತ್ತದೆ, ಸಡಿಲ ಬಿಟ್ಟರೆ ಕತ್ತಿ ಹಾರುತ್ತದೆ. ಇವೆರಡರ ನಡುವಿನ ಹದ ಮಾತಲ್ಲಿ ಹೇಳಿದರೆ ಬರುವಂಥದ್ದಲ್ಲ.

ಬೆಂಕಿ ಹಚ್ಚಿದ ಸಂಜೆ ಗಾಳಿ ಇರಲಿಲ್ಲ. ಹತ್ತಿ ಬಟ್ಟೆಯನ್ನೇ ಉಟ್ಟಿದ್ದೆ. ಪಕ್ಕದಲ್ಲಿ ಒದ್ದೆ ಟವೆಲ್ ಹಿಡಿದು ಒಬ್ಬರು ನಿಂತಿದ್ದರು. ಎಣ್ಣೆಯಲ್ಲಿ ಅದ್ದಿದ ಮೇಲೆ ಚೆನ್ನಾಗಿ ಕೊಡವಬೇಕು, ಆತುರದಲ್ಲಿ ನಾನು ಸರಿಯಾಗಿ ಕೊಡವಲಿಲ್ಲ. ಒಂದು ಹನಿ ಹೊತ್ತಿಕೊಂಡೇ ಮುಂಗೈ ಮೇಲೆ ಬಿತ್ತು. ಆ ಕಲೆ ಇನ್ನೂ ಇದೆ. ಆದರೆ ಕತ್ತಿ ಬಿಡಲಿಲ್ಲ. ತಿರುಗಿಸಲು ಶುರು ಮಾಡಿದೊಡನೆ ಬೆಂಕಿ ಬುಸ್ ಬುಸ್ ಎಂದು ಕಿವಿಯ ಪಕ್ಕ ಹಾಯಿತು. ಕಣ್ಣಿಗೆ ಬರೀ ಬೆಳಕು. ಕತ್ತಿ ಎಲ್ಲಿದೆ, ಅಲಗು ಯಾವ ಕಡೆಗಿದೆ, ಒಂದೂ ಕಾಣಲಿಲ್ಲ. ಎಂಟು ತಿಂಗಳು ಯಾಕೆ ಬೆಂಕಿ ಕೊಡಲಿಲ್ಲ ಎಂದು ಆಗ ತಿಳಿಯಿತು. ಕಣ್ಣು ಸೋತ ಜಾಗದಲ್ಲಿ ಕೈ ತಾನಾಗಿ ಹಿಡಿತ ಬದಲಿಸುತ್ತಿತ್ತು.

ಆರಿಸಿದ ಮೇಲೆ ಗುರುಗಳು ಸುಟ್ಟ ಜಾಗ ನೋಡಿದರು, ನೀರು ಹಾಕಿದರು. ಮುಂದಿನ ಶನಿವಾರ ಮತ್ತೆ ಒಣ ಟವೆಲ್ಲಿನ ಕತ್ತಿಯನ್ನೇ ಕೈಗೆ ಕೊಟ್ಟರು. ಈ ಸಲ ನಾನು ಏನೂ ಕೇಳಲಿಲ್ಲ.