ಫುಟ್‌ಬಾಲ್ ಡಿಫೆಂಡರ್ ಆಗಿ ರಿಟೈರ್ ಆದ್ಮೇಲೆ ಕೋಚಿಂಗ್‌ಗೆ ಇಳಿಯೋದು ಹೇಗೆ

ದೊಡ್ಡ ಕ್ಲಬ್ ಕರೆಯುತ್ತೆ ಅಂತ ಕಾಯ್ಬೇಡಿ, 2018ರಲ್ಲಿ ಇಂಗ್ಲೆಂಡ್ ಟೀಮ್‌ನ ಹಳೇ ಡಿಫೆಂಡರ್ ಸಾಲ್ ಕ್ಯಾಂಪ್‌ಬೆಲ್ ಅಂಥವ್ರೇ ಇಂಗ್ಲೆಂಡ್‌ನ ನಾಲ್ಕನೇ ದರ್ಜೆ ಲೀಗ್‌ನ ತಳದಲ್ಲಿದ್ದ ಮ್ಯಾಕಲ್ಸ್‌ಫೀಲ್ಡ್ ಕ್ಲಬ್‌ಗೆ ಮ್ಯಾನೇಜರ್ ಆಗಿ ಹೋದ್ರು, ಆ ಸೀಸನ್ ಟೀಮ್ ಕೆಳಗಿಳೀದೆ ಉಳೀತು ಕೂಡ. ನಮ್ಮಲ್ಲಾದ್ರೆ ಮೊದ್ಲು ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಕೊಡೋ ಡಿ ಕೋಚಿಂಗ್ ಲೈಸೆನ್ಸ್ ಮಾಡ್ಕೊಳ್ಳಿ, ಆಮೇಲೆ ಸಿ, ಬಿ, ಜೊತೆಗೇ ಬೆಂಗಳೂರಿನ ಯಾವ್ದಾದ್ರೂ ಸಣ್ಣ ಡಿವಿಷನ್ ಟೀಮ್‌ಗೆ ಅಸಿಸ್ಟೆಂಟ್ ಆಗಿ ಸೇರ್ಕೊಳ್ಳಿ, ದುಡ್ಡಿನ ಆಸೆ ಬೇಡ.

ಹುಡುಗ್ರು ಕೆಲ್ಸ ಮುಗಿಸ್ಕೊಂಡು ಸುಸ್ತಾಗಿ ಬರ್ತಾರೆ, ಸಿಗೋದು ಒಂದು ಗಂಟೆ, ಅದ್ರಲ್ಲಿ ನಾಲ್ಕು ಡಿಫೆಂಡರ್ ಎದುರು ಆರು ಅಟ್ಯಾಕರ್ ನಿಲ್ಸಿ ಆಡ್ಸಿ: ಬಾಲ್ ಹಿಂದಕ್ಕೆ ಪಾಸ್ ಆದ್ರೆ ಡಿಫೆಂಡರ್‌ಗಳ ಲೈನ್ ಮುಂದೆ, ಬಾಲ್ ಇರೋ ಅಟ್ಯಾಕರ್ ಮೇಲೆ ಪ್ರೆಷರ್ ಇಲ್ದಿದ್ರೆ ಹಿಂದೆ. ನೀವು ಯೋಚ್ನೆನೇ ಮಾಡ್ದೆ ಮಾಡ್ತಿದ್ದಿದ್ದನ್ನ ಬಾಯಲ್ಲಿ ಹೇಳ್ಕೊಡೋದಿದ್ಯಲ್ಲ, ನಿಜವಾದ ಕಷ್ಟ ಅದೇ. ಅಟ್ಯಾಕ್ ಹೇಳ್ಕೊಡೋಕೆ ಹಳೇ ಸ್ಟ್ರೈಕರ್ ಫ್ರೆಂಡ್‌ನ ಕರೀರಿ, ಬಿರಿಯಾನಿ ಕೊಡ್ಸಿದ್ರೆ ಬರ್ತಾನೆ.