ಟಿವಿ ಚರ್ಚೆ ನೋಡುವಾಗ ಕೈಯಲ್ಲೊಂದು ಚೀಟಿ ಇರಲಿ

2019ರ ಜುಲೈ ನೆನಪಿದೆಯಾ? ಶಾಸಕರು ರೆಸಾರ್ಟಿನಲ್ಲಿ, ನಾವು ಟಿವಿ ಮುಂದೆ. ಇವತ್ತು ಯಾರು ಜಿಗಿದರು, ನಾಳೆ ಯಾರು ಅಂತ ಕ್ರಿಕೆಟ್ ಸ್ಕೋರಿನ ಹಾಗೆ ಲೆಕ್ಕ ಹಾಕುತ್ತಾ ನಾನೂ ಕೂತಿದ್ದೆ. 23ನೇ ತಾರೀಖು ವಿಶ್ವಾಸಮತದಲ್ಲಿ 99–105ರಲ್ಲಿ ಕುಮಾರಸ್ವಾಮಿ ಸರ್ಕಾರ ಬಿತ್ತು. ಆ ಅಂಕಿ ಇವತ್ತಿಗೂ ಬಾಯಿಪಾಠ. ನಮ್ಮೂರ ಗ್ರಾಮಸಭೆ ಯಾವತ್ತು ಅಂತ ಕೇಳಿದರೆ ಮಾತ್ರ ತಬ್ಬಿಬ್ಬು!

ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ, ನೀವೂ ನೋಡಿ. ಚರ್ಚೆ ಶುರುವಾದ ಮೇಲೆ ಅರ್ಧ ಗಂಟೆ ಮಾತ್ರ. ನಮ್ಮ ಊರಿಗೋ ಜೇಬಿಗೋ ತಾಗುವ ಮಾತು ಬಂದರೆ ಚೀಟಿಯಲ್ಲಿ ಬರೆಯುವುದು. ಎಷ್ಟೋ ದಿನ ಚೀಟಿ ಖಾಲಿ, ಆಂಕರ್ ಗಂಟಲು ಮಾತ್ರ ಹರಿದಿರುತ್ತದೆ. ಆಗ ಟಿವಿ ಬಂದ್.

ಏನಾದರೂ ಬರೆದಿದ್ದರೆ ಅದನ್ನೇ ಪ್ರಶ್ನೆ ಮಾಡಿ ಗ್ರಾಮಸಭೆಗೆ ಒಯ್ಯಿರಿ. ಕನಿಷ್ಠ ಆರು ತಿಂಗಳಿಗೊಮ್ಮೆ ಸಭೆ ನಡೆಯಲೇಬೇಕು. ತಾರೀಖನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿ. ಅಲ್ಲಿ ಜಾರಿಕೊಂಡರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಪುರಾಣ ಬರೆಯಬೇಡಿ. ಶುಲ್ಕ ಕಟ್ಟಲು ಪೋಸ್ಟಲ್ ಆರ್ಡರ್ ಅಂಚೆ ಕಚೇರಿಯಲ್ಲೇ ಸಿಗುತ್ತದೆ.