ಅಲ್ಯೂಮಿನಿಯಂ-ಏರ್ ಸೆಲ್‌ನ ಆನೋಡ್: ಭೋಸರಿಯಲ್ಲಿ ಕೊನೆಗೂ ಕೈಗೆ ಹತ್ತಿದ ಎರಕ

"ಗ್ಯಾಲಿಯಂ ಹಾಕಿದ್ರೆ ಅಲ್ಯೂಮಿನಿಯಂ ಬಿಸ್ಕತ್ತಾಗುತ್ತೆ" ಅಂತ ಪುಣೆಯ ಭೋಸರಿ ಎಂಐಡಿಸಿ (ಕೈಗಾರಿಕಾ ಪ್ರದೇಶ)ಯ ಎರಕದವರು ನಕ್ಕಿದ್ದರು. ನಾವು ಎರೆಯಹೊರಟದ್ದು ಅಲ್ಯೂಮಿನಿಯಂ-ಏರ್ ಸೆಲ್‌ನ ಆನೋಡ್: ದ್ರಾವಣದಲ್ಲಿ ಕರಗುತ್ತಾ ಗಾಳಿಯ ಆಮ್ಲಜನಕದ ಜೊತೆ ಸೇರಿ ಕರೆಂಟ್ ಕೊಡುವ ಅಲ್ಯೂಮಿನಿಯಂ ತಟ್ಟೆ. ಅದರ ಮೇಲಿನ ಆಕ್ಸೈಡ್ ಪೊರೆ ಅಡ್ಡಬಾರದಿರಲೆಂದು ಚಿಟಿಕೆ ಗ್ಯಾಲಿಯಂ. ಅರ್ಧ ನಿಜ. ಹೆಚ್ಚಾದರೆ ಅದು ಲೋಹದ ಕಣಗಳ ಸಂದಿಗೆ ಇಳಿದು, ತಟ್ಟೆ ರೋಲಿನಲ್ಲೇ ಬಿರಿಯುತ್ತದೆ. ಕಿಲೋಗೆ ಅರ್ಧ ಗ್ರಾಂ ದಾಟದಿದ್ದರೆ ನಮ್ಮ ತಟ್ಟೆ ಬಿರಿದಿಲ್ಲ.

ದುಡ್ಡು ತಿಂದದ್ದು ಗ್ಯಾಲಿಯಂ ಅಲ್ಲ, ಬೆರಕೆಯಾದ ಕಬ್ಬಿಣ. ಮೊದಲ ಮೂರು ಹೀಟ್ (ಒಂದು ಸಲ ಕರಗಿಸಿದ್ದು ಒಂದು ಹೀಟ್) ಕೇಬಲ್ ಸ್ಕ್ರ್ಯಾಪಿನಲ್ಲಿ ಮಾಡಿ ಹದಿನಾಲ್ಕು ಸಾವಿರ ರೂಪಾಯಿಯಷ್ಟು ನೀರುಪಾಲು. ಸ್ಪೆಕ್ಟ್ರೋದಲ್ಲಿ (ಲೋಹದ ಬೆರಕೆ ಅಳೆಯುವ ಯಂತ್ರ) ಕಬ್ಬಿಣ 0.2 ಶೇಕಡಾ ಆಸುಪಾಸು. ಕರೆಂಟ್ ಎಳೆಯದಿದ್ದರೂ ದ್ರಾವಣದಲ್ಲಿ ತಟ್ಟೆ ಸೋಡಾದಂತೆ ನೊರೆ ಬಿಡುತ್ತಿತ್ತು. ಆಮೇಲೆ ಶೇಕಡಾ 99.99 ಶುದ್ಧ ಅಲ್ಯೂಮಿನಿಯಂ ಗಟ್ಟಿ ತಂದರೂ ಸರಿಹೋಗಲಿಲ್ಲ: ಕಲಕುತ್ತಿದ್ದದ್ದು ಎಂಎಸ್ (ಮೆದು ಉಕ್ಕಿನ) ರಾಡಿನಲ್ಲಿ! ಮೂಸೆ, ಕಲಕುವ ಕಡ್ಡಿ, ಅಚ್ಚು ಮೂರೂ ಗ್ರಾಫೈಟಿನವಾದ ಮೇಲೆ ನೊರೆ ನಿಂತಿತು.

ಈಗಿನ ಅಳತೆ, 1 ಕಿಲೋಗೆ: ಮೆಗ್ನೀಸಿಯಂ 6 ಗ್ರಾಂ (ಒಂದು ಗ್ರಾಂ ಉರಿದುಹೋಗುತ್ತದೆ), ತವರ 1 ಗ್ರಾಂ, ಗ್ಯಾಲಿಯಂ 0.4. ತವರ ಇದಕ್ಕಿಂತ ಹೆಚ್ಚು ಹಾಕಿದರೆ ಕರಗದೆ ಗಂಟುಗಟ್ಟುತ್ತದೆ. ಗ್ಯಾಲಿಯಂ 30 ಡಿಗ್ರಿಗೇ ಕರಗುವುದರಿಂದ ಮೇ ತಿಂಗಳಲ್ಲಿ ಬಾಟಲಿಯಲ್ಲೇ ನೀರಾಗಿರುತ್ತದೆ. ಪ್ಲಾಸ್ಟಿಕ್ ಕಪ್ಪಿನಲ್ಲಿ ತೂಗಿ. ಅಲ್ಯೂಮಿನಿಯಂ ತಟ್ಟೆಯ ತಕ್ಕಡಿಯೊಂದು ಹೀಗೇ ಹೋಯಿತು. 730 ಡಿಗ್ರಿಯಲ್ಲಿ ಆರ್ಗಾನ್ ಹಾಯಿಸಿ, ಕಿಟ್ಟ ತೆಗೆದು ಸುರಿಯಿರಿ. ಆಮೇಲೆ ಕುಲುಮೆಯಲ್ಲಿಟ್ಟು ನೀರಿಗೆ ಅದ್ದುವುದುಂಟು. ಎಷ್ಟು ತಾಪ, ಎಷ್ಟು ಹೊತ್ತು ಅನ್ನುವುದು ನಮ್ಮಲ್ಲೇ ಇರಲಿ.

ತಟ್ಟೆ ಮುಳುಗುವ ದ್ರಾವಣಕ್ಕೆ ಲೀಟರಿಗೆ 250 ಗ್ರಾಂ ಕಾಸ್ಟಿಕ್ ಪೊಟಾಷ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಫ್ಲೇಕ್ಸ್, 13 ಗ್ರಾಂ ಸೋಡಿಯಂ ಸ್ಟಾನೇಟ್ (ತವರದ ಲವಣ). ಕಲಸುವಾಗ ಕೈ ಸುಡುವಷ್ಟು ಬಿಸಿಯಾಗುತ್ತದೆ. ಫ್ಲೇಕ್ಸನ್ನು ನೀರಿಗೆ ಹಾಕಿ, ನೀರನ್ನು ಫ್ಲೇಕ್ಸಿಗಲ್ಲ. ತಟ್ಟೆ ಇಳಿಸಿದಾಗ ಹೈಡ್ರೋಜನ್ ಬರುವುದರಿಂದ ಕಿಟಕಿ ತೆರೆದಿರಲಿ.

ತಟ್ಟೆಯ ಸವೆತ ಎಷ್ಟೆಂದು ನೋಡಲು ತೂಕವೊಂದನ್ನೇ ನಂಬಬೇಡಿ. ಬೋರಲು ಜಾರಿನಲ್ಲಿ ಅನಿಲ ಹಿಡಿಯಿರಿ: ಪುಣೆಯ ಎತ್ತರದಲ್ಲಿ ಹೆಚ್ಚುಕಮ್ಮಿ 1.5 ಲೀಟರ್ ಅಂದರೆ 1 ಗ್ರಾಂ ಲೋಹ ಸುಮ್ಮನೆ ಕರಗಿತು. ಚದರ ಸೆಂಮೀಗೆ 100 ಮಿಲಿಆಂಪ್ ಎಳೆದಾಗ 1.2 ವೋಲ್ಟ್ ಸುತ್ತಮುತ್ತ ನಿಲ್ಲುತ್ತದೆ, ಒಂದು ಗ್ರಾಂ ಅಲ್ಯೂಮಿನಿಯಂ ಹೆಚ್ಚೆಂದರೆ ಕೊಡಬಲ್ಲ 2.98 ಆಂಪಿಯರ್-ಗಂಟೆಯಲ್ಲಿ 85ರಿಂದ 90 ಶೇಕಡಾ ಕೈಗೆ ಸಿಗುತ್ತಿದೆ. ನಕ್ಕವರಲ್ಲಿ ಇಬ್ಬರು ಈಗ ತಟ್ಟೆ ಕೇಳುತ್ತಿದ್ದಾರೆ.

ಉಪ್ಪುನೀರಲ್ಲೂ ಹಾಕಿ ನೋಡಿದೆವು. ಬಿಳಿ ಲೋಳೆ ಕಟ್ಟಿ, ಎಲ್‌ಇಡಿ ಉರಿಸುವುದಕ್ಕಷ್ಟೇ ಸಾಲುತ್ತದೆ. ಹಿತ್ತಾಳೆ ಕ್ಲಿಪ್ಪು ಮಾತ್ರ ಯಾವ ದ್ರಾವಣಕ್ಕೂ ತಾಗದಂತೆ ಎಪಾಕ್ಸಿ ಬಳಿಯಿರಿ; ತಾಗಿದರೆ ತಟ್ಟೆ ಕುತ್ತಿಗೆಯಲ್ಲೇ ಕತ್ತರಿಸಿಬೀಳುತ್ತದೆ.